ಮೂವತ್ತು ಗ್ರಾಂ ತೂಕ, ಐದು ಕಿಲೋ ಎಳೆತ

ಎತ್ತಿನ ಗಾಡಿಯ ಚಕ್ರಕ್ಕೆ ಬ್ಯಾಲೆನ್ಸಿಂಗ್, ಅಂದರೆ ಸುತ್ತಲೂ ಭಾರ ಸಮವಾಗುವಂತೆ ರಿಮ್ಮಿಗೆ ಸಣ್ಣ ತೂಕ ಕೂರಿಸುವ ಕೆಲಸ, ಬೇಕಾಗಲಿಲ್ಲ. ಐದಡಿ ಎತ್ತರದ ಆ ಚಕ್ರ ಒಂದು ಸುತ್ತು ಬರಲು ಸುಮಾರು ನಾಲ್ಕು ಸೆಕೆಂಡು ಹಿಡಿಯುತ್ತದೆ. ಒಂದು ಕಡೆ ಮರ ಅರ್ಧ ಕಿಲೋ ಹೆಚ್ಚಿದ್ದರೂ ಗಾಡಿಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಕಾರಿನ ಚಕ್ರದ ಲೆಕ್ಕವೇ ಬೇರೆ. 175/65 ಆರ್14 ಅಳತೆಯ ಟೈರು ಗಂಟೆಗೆ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ 15 ಸುತ್ತು ತಿರುಗುತ್ತದೆ. ಅದರ ರಿಮ್ಮಿನ ಅಂಚಿನಲ್ಲಿ ಒಂದು ಕಡೆ ಬರೀ 30 ಗ್ರಾಂ ಹೆಚ್ಚಿದ್ದರೆ, ಆ ತೂಕ ಚಕ್ರವನ್ನು ಹೊರಕ್ಕೆ ಎಳೆಯುವ ಬಲ ಸುಮಾರು 5 ಕಿಲೋ ಭಾರಕ್ಕೆ ಸಮ. ಅದೂ ಒಂದೇ ದಿಕ್ಕಿಗಲ್ಲ: ಸೆಕೆಂಡಿಗೆ 15 ಸಲ ಮೇಲೆ, ಮುಂದೆ, ಕೆಳಗೆ, ಹಿಂದೆ.

ವೇಗ ಎರಡರಷ್ಟಾದರೆ ಈ ಬಲ ನಾಲ್ಕರಷ್ಟಾಗುತ್ತದೆ. 50 ಕಿ.ಮೀ. ವೇಗದಲ್ಲಿ ಅದೇ 30 ಗ್ರಾಂ ಹಾಕುವ ಎಳೆತ ಒಂದೂಕಾಲು ಕಿಲೋ ಮಾತ್ರ. ಊರೊಳಗೆ ವರ್ಷಗಟ್ಟಲೆ ಓಡಿಸಿದರೂ ದೋಷ ಕಾಣದೆ, ಮೊದಲ ಸಲ ಬೆಂಗಳೂರು–ಮೈಸೂರು ಹೆದ್ದಾರಿಗೆ ಇಳಿದಾಗ ಸ್ಟೀರಿಂಗ್ ನಡುಗುವುದು ಇದಕ್ಕೇ. ಇನ್ನೊಂದು ಕಾರಣವೂ ಇದೆ. ಸ್ಪ್ರಿಂಗು ಮತ್ತು ಟೈರಿನ ಗಾಳಿಯ ನಡುವೆ ಕೂತ ಚಕ್ರಕ್ಕೆ ತನ್ನದೇ ಕುಣಿತದ ಲಯವಿರುತ್ತದೆ, ಸೆಕೆಂಡಿಗೆ ಸುಮಾರು 10ರಿಂದ 15 ಸಲ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ನೂಕಿದಂತೆ, 80–100 ಕಿ.ಮೀ. ಆಸುಪಾಸಿನಲ್ಲಿ ಅಸಮತೋಲನದ ಏಟು ಈ ಲಯಕ್ಕೆ ಕೂಡಿಕೊಳ್ಳುತ್ತದೆ. ಆ ವೇಗ ದಾಟಿದರೆ ನಡುಕ ಕೆಲವೊಮ್ಮೆ ತಗ್ಗುತ್ತದೆ. ಏಟು ಮಾತ್ರ ತಗ್ಗಿರುವುದಿಲ್ಲ. ವೀಲ್ ಬೇರಿಂಗ್, ಶಾಕ್ ಅಬ್ಸಾರ್ಬರ್, ಸ್ಟೀರಿಂಗಿನ ಕೀಲುಗಳ ಮೇಲೆ ಬೀಳುತ್ತಲೇ ಇರುತ್ತದೆ. ಟೈರು ಅಲ್ಲಲ್ಲಿ ತಗ್ಗು ಬಿದ್ದಂತೆ ಸವೆಯುತ್ತದೆ. ಹಾಗೆ ಸವೆದ ಟೈರನ್ನು ಆಮೇಲೆ ಎಷ್ಟು ಬ್ಯಾಲೆನ್ಸ್ ಮಾಡಿದರೂ ಸದ್ದು ಹೋಗುವುದಿಲ್ಲ.

ಹೊಸ ಟೈರಿನಲ್ಲೂ ಅಸಮತೋಲನ ಇದ್ದೇ ಇರುತ್ತದೆ. ಪದರಗಳು ಒಂದರ ಮೇಲೊಂದು ಕೂಡುವ ಕಡೆ ರಬ್ಬರು ತುಸು ದಪ್ಪ. ರಿಮ್ಮಿನಲ್ಲಿ ವಾಲ್ವ್ ಇರುವ ಕಡೆ ತೂಕ ಹೆಚ್ಚು. ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಇದ್ದರಂತೂ ಅದೇ ಸುಮಾರು 30 ಗ್ರಾಂ. ಕೆಲವು ಹೊಸ ಟೈರುಗಳ ಪಕ್ಕದಲ್ಲಿ ಹಳದಿ ಚುಕ್ಕೆ ಇರುತ್ತದೆ, ಅದು ಟೈರಿನ ಹಗುರವಾದ ಜಾಗ. ಅದನ್ನು ವಾಲ್ವಿನ ಪಕ್ಕಕ್ಕೇ ಬರುವಂತೆ ಕೂರಿಸಿದರೆ ಆಮೇಲೆ ಹಾಕಬೇಕಾದ ತೂಕ ಕಡಿಮೆಯಾಗುತ್ತದೆ.

ಅಸಮತೋಲನದಲ್ಲಿ ಎರಡು ಬಗೆ. ಒಂದು ಕಡೆ ಭಾರವಿದ್ದರೆ ಚಕ್ರ ಮೇಲೆ ಕೆಳಗೆ ಕುಪ್ಪಳಿಸುತ್ತದೆ. ಎರಡನೆಯದು ಕಣ್ಣಿಗೆ ಸಿಗದ್ದು: ಒಳಬದಿಯ ಮೇಲ್ಭಾಗದಲ್ಲಿ 30 ಗ್ರಾಂ, ಹೊರಬದಿಯ ಕೆಳಭಾಗದಲ್ಲಿ 30 ಗ್ರಾಂ ಹೆಚ್ಚಿದೆ ಎನ್ನಿ. ನಿಂತ ಚಕ್ರ ಯಾವ ಕಡೆಗೂ ವಾಲುವುದಿಲ್ಲ, ತಕ್ಕಡಿ ಸರಿಯಾಗಿದೆ ಎನಿಸುತ್ತದೆ. ತಿರುಗಿದಾಗ ಮಾತ್ರ ಎಡಕ್ಕೂ ಬಲಕ್ಕೂ ತೊನೆಯುತ್ತದೆ. ಆದ್ದರಿಂದಲೇ, ಚಕ್ರವನ್ನು ತಿರುಗಿಸಿ ಎಲ್ಲಿ ಎಷ್ಟು ಗ್ರಾಂ ಹಾಕಬೇಕೆಂದು ಹೇಳುವ ಬ್ಯಾಲೆನ್ಸಿಂಗ್ ಯಂತ್ರಕ್ಕೆ ರಿಮ್ಮಿನ ವ್ಯಾಸ, ಅಗಲ, ಯಂತ್ರದಿಂದ ರಿಮ್ಮಿಗಿರುವ ದೂರ ಮೂರನ್ನೂ ಕೊಟ್ಟು, ಒಳಬದಿ ಹೊರಬದಿ ಎರಡಕ್ಕೂ ಬೇರೆ ಬೇರೆ ತೂಕ ಹಾಕಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಯಂತ್ರ ಹೇಳುವ ಗ್ರಾಂ ತಪ್ಪು.

ಅಂಗಡಿಯಲ್ಲಿ ಕೆಲಸ ಕೆಡುವುದು ಹೆಚ್ಚಾಗಿ ಚಕ್ರವನ್ನು ಯಂತ್ರಕ್ಕೆ ಕೂರಿಸುವಾಗ. ಟೈರು ಸೇರಿ 14 ಕಿಲೋ ತೂಗುವ ಚಕ್ರ ನಡುವಿನಿಂದ ಮಿಲಿಮೀಟರಿನ ಹತ್ತನೇ ಒಂದು ಪಾಲು ಸರಿದು ಕೂತರೂ ಸುಮಾರು 8 ಗ್ರಾಂ ಸುಳ್ಳು ಅಸಮತೋಲನ ಕಾಣಿಸುತ್ತದೆ. ರಿಮ್ಮಿನ ನಡುತೂತಿನ ಅಂಚಿನಲ್ಲಿ ತುಕ್ಕೋ ಮಣ್ಣೋ ಇದ್ದರೆ ಅಷ್ಟು ಸರಿಯುವುದು ಸುಲಭ. ಇದನ್ನು ಹಿಡಿಯಲು ಸರಳ ಪರೀಕ್ಷೆ ಇದೆ. ಎರಡೂ ಬದಿಯಲ್ಲಿ ಸೊನ್ನೆ ತೋರಿಸಿದ ಮೇಲೆ ನಟ್ಟು ಸಡಿಲಿಸಿ, ಯಂತ್ರದ ದಂಡ ಅಲುಗದಂತೆ ಹಿಡಿದು ಚಕ್ರವನ್ನು ಮಾತ್ರ ಅರ್ಧ ಸುತ್ತು ತಿರುಗಿಸಿ, ಬಿಗಿದು ಮತ್ತೆ ಓಡಿಸಬೇಕು. ಆಗಲೂ ಸೊನ್ನೆ ಅಥವಾ 5 ಗ್ರಾಂ ಬಂದರೆ ಸರಿ. 15, 20 ಬಂದರೆ ಚಕ್ರ ನಡುವಿಗೆ ಕೂತಿಲ್ಲ, ಮೊದಲು ಹಾಕಿದ ತೂಕವೆಲ್ಲ ವ್ಯರ್ಥ. ಎರಡು ನಿಮಿಷದ ಈ ಪರೀಕ್ಷೆಯನ್ನು ಕೇಳಿ ಮಾಡಿಸಿಕೊಳ್ಳಿ, ಸಂಕೋಚ ಬೇಡ.

ಚಕ್ರ ಯಂತ್ರಕ್ಕೇರುವ ಮೊದಲು ಹಳೆಯ ತೂಕಗಳನ್ನು ಕಿತ್ತಿರಬೇಕು, ರಿಮ್ಮಿನ ಒಳಗಿನ ಕೆಸರು ತೊಳೆದಿರಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಳಗೆ ಒಣಗಿ ಕೂತ ಕೆಮ್ಮಣ್ಣಿನ ಹೆಂಟೆಯೇ ನಡುಕಕ್ಕೆ ಸಾಕು. ಅದು ಆಮೇಲೆ ಉದುರಿದರೆ ಮಾಡಿಸಿದ ಬ್ಯಾಲೆನ್ಸೂ ಹೋಯಿತು. ಉಕ್ಕಿನ ರಿಮ್ಮಿಗೆ ಅಂಚಿಗೆ ಬಡಿದು ಕೂರಿಸುವ ತೂಕ, ಅಲಾಯ್ ರಿಮ್ಮಿಗೆ ಅಂಟಿಸುವ ತೂಕ. ಅಂಟಿಸುವ ಜಾಗವನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಹಳೆಯ ಗೋಂದು ತೆಗೆದು, ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಬೇಕು. ಸಣ್ಣ ಕಾರಿಗೆ ಒಂದೇ ಬದಿಗೆ 60 ಗ್ರಾಂ ಮೀರಿ ಕೇಳಿದರೆ ತೂಕ ಬಡಿಯುತ್ತಾ ಹೋಗುವುದು ಸರಿಯಲ್ಲ. ಗಾಳಿ ಬಿಟ್ಟು, ಟೈರನ್ನು ರಿಮ್ಮಿನ ಮೇಲೆ ಅರ್ಧ ಸುತ್ತು ಸರಿಸಿ ಮತ್ತೆ ನೋಡಬೇಕು.

ಹೊಸ ಟೈರು ಹಾಕಿದಾಗ, ಪಂಕ್ಚರಿಗೆಂದು ಟೈರು ಬಿಚ್ಚಿ ಒಳಗಿನಿಂದ ಪ್ಯಾಚ್ ಹಾಕಿಸಿದಾಗ, ದೊಡ್ಡ ಗುಂಡಿಗೆ ಬಿದ್ದಾಗ, ಏನೂ ಆಗದಿದ್ದರೂ 10,000 ಕಿ.ಮೀ.ಗೊಮ್ಮೆ ಮಾಡಿಸಬೇಕು. ಅಲೈನ್‌ಮೆಂಟ್ ಮಾಡಿಸಿದ್ದೇನೆ, ಇದು ಬೇಡ ಎನ್ನುವವರಿದ್ದಾರೆ. ಅಲೈನ್‌ಮೆಂಟ್ ಚಕ್ರ ನಿಂತ ಕೋನದ ವಿಷಯ. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟೈರಿನ ಒಂದು ಅಂಚು ಸವೆಯುತ್ತದೆ. ನಡುಕಕ್ಕೆ ಅದು ಮದ್ದಲ್ಲ.

ನಡುಕ ಸ್ಟೀರಿಂಗಿನಲ್ಲಿದ್ದರೆ ಮುಂದಿನ ಚಕ್ರಗಳನ್ನು, ಸೀಟಿನಲ್ಲೋ ನೆಲದಲ್ಲೋ ಇದ್ದರೆ ಹಿಂದಿನವನ್ನು ಮೊದಲು ನೋಡಿ. ಸರಿಯಾಗಿ ಬ್ಯಾಲೆನ್ಸ್ ಮಾಡಿದ ಮೇಲೂ ಹೋಗದಿದ್ದರೆ, ಯಂತ್ರದ ಮೇಲೆ ಚಕ್ರವನ್ನು ನಿಧಾನ ತಿರುಗಿಸುತ್ತಾ ರಿಮ್ಮಿನ ಅಂಚಿಗೆ ಸ್ಕ್ರೂಡ್ರೈವರಿನ ತುದಿ ಹಿಡಿದು ನೋಡಬೇಕು. ನಡುವಿನ ಸಂದು ಹಿಗ್ಗಿ ಕುಗ್ಗಿದರೆ ರಿಮ್ಮು ಬಾಗಿದೆ. ಬ್ರೇಕ್ ತುಳಿದಾಗ ಮಾತ್ರ ನಡುಗಿದರೆ ಚಕ್ರ ಬಿಟ್ಟು ಡಿಸ್ಕ್ ನೋಡಿಸಿ.