ಪ್ರಯೋಗ ಬಿಟ್ಟು ಜನರ ಮಾತು ಕೇಳುತ್ತಾ ಕೂತರೆ ಅದು ಮನೋವಿಜ್ಞಾನ ಆಗುತ್ತಾ?

ಪ್ರಶ್ನೆ: ಸೈಕಾಲಜಿ ಓದುತ್ತಿದ್ದೇನೆ. ಡಿಸ್ಕೋರ್ಸ್ ಅನಾಲಿಸಿಸ್ ಮಾಡುವವರು ಪ್ರಯೋಗ ಮಾಡುವುದಿಲ್ಲ. ಜನ ಆಡಿದ ಮಾತನ್ನು ರೆಕಾರ್ಡ್ ಮಾಡಿ, ಬರೆದಿಟ್ಟು, ಅದನ್ನೇ ಬಿಡಿಸಿ ನೋಡುತ್ತಾರೆ. ಬಾಯಲ್ಲಿ ಒಂದು, ಮನಸ್ಸಲ್ಲಿ ಇನ್ನೊಂದು ಇಟ್ಟುಕೊಂಡವರೇ ಜಾಸ್ತಿ ಅಲ್ವಾ? ಇದರಿಂದ ಮನಸ್ಸು ತಿಳಿಯೋದು ಹೇಗೆ?

ಉತ್ತರ: ಇದಕ್ಕೆ ಬ್ರಿಟನ್ನಿನ ಸಾಮಾಜಿಕ ಮನೋವಿಜ್ಞಾನಿ ಮೈಕಲ್ ಬಿಲ್ಲಿಗ್ ಅವರ ವೃತ್ತಿಜೀವನದಲ್ಲೇ ಒಳ್ಳೆಯ ಉತ್ತರ ಇದೆ. ಅವರು ಪ್ರಯೋಗ ಗೊತ್ತಿಲ್ಲದೆ ಮಾತಿನ ಕಡೆ ಹೊರಳಿದವರಲ್ಲ. ಸಾಮಾಜಿಕ ಮನೋವಿಜ್ಞಾನದ ಬಹಳ ಹೆಸರಾದ ಪ್ರಯೋಗವೊಂದರಲ್ಲಿ ಅವರ ಕೈಯೂ ಇತ್ತು.

ಬ್ರಿಸ್ಟಲ್‌ನಲ್ಲಿ ಅವರಿಗೆ ಗುರುವಾಗಿದ್ದವರು ಹೆನ್ರಿ ತಾಜ್‌ಫೆಲ್. ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ, ನಾಜಿಗಳ ಕಾಲದಲ್ಲಿ ಮನೆಯವರನ್ನು ಕಳೆದುಕೊಂಡವರು. ಒಂದು ಗುಂಪು ಇನ್ನೊಂದರ ಮೇಲೆ ಯಾಕೆ ತಿರುಗಿಬೀಳುತ್ತದೆ ಅನ್ನೋದು ಅವರಿಗೆ ಸುಮ್ನೆ ಓದಿನ ವಿಷಯ ಆಗಿರಲಿಲ್ಲ. 1971ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಶಾಲಾ ಹುಡುಗರಿಗೆ ಕ್ಲೇ ಮತ್ತು ಕಾಂಡಿನ್‌ಸ್ಕಿ ಎಂಬ ಕಲಾವಿದರ ಚಿತ್ರ ತೋರಿಸಿದರು. ಯಾವುದು ಇಷ್ಟವೋ ಅದರ ಮೇಲೆ ಗುಂಪು ಮಾಡಿದ್ದೇವೆ ಅಂದರು. ನಿಜಕ್ಕೂ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ, ಯಾವ ಆಧಾರವೂ ಇಲ್ಲದೆ. ಆಮೇಲೆ ಇತರ ಹುಡುಗರಿಗೆ ದುಡ್ಡು ಹಂಚಲು ಹೇಳಿದರು. ಪಡೆಯುವವರು ಯಾರೆಂದು ಗೊತ್ತಿಲ್ಲ, ಹಂಚುವುದರಿಂದ ತನಗೆ ಲಾಭವೂ ಇಲ್ಲ. ಆದರೂ ಹುಡುಗರು ತಮ್ಮ ಗುಂಪಿನ ಕಡೆಗೇ ವಾಲಿದರು. ತಮ್ಮವರಿಗೆ ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಆ ಕಡೆಯವರಿಗಿಂತ ಜಾಸ್ತಿ ಸಿಗಬೇಕು ಅನ್ನುವ ಒಲವೂ ಕಂಡಿತು.

ಫಲಿತಾಂಶ ದೊಡ್ಡದೇ. ಆದರೆ ಆ ಹುಡುಗರು ಒಬ್ಬೊಬ್ಬರೇ ಕೂತು ಪುಸ್ತಿಕೆಯಲ್ಲಿ ಗುರುತು ಹಾಕಿದರು, ಒಬ್ಬರ ಜೊತೆ ಒಬ್ಬರು ಮಾತಾಡಲಿಲ್ಲ. ಹೊರಗೆ ಹಗೆ ಹಾಗೆ ಬೆಳೆಯುವುದಿಲ್ಲ. ಯಾರೋ ಒಬ್ಬರು ಸುದ್ದಿ ಹಬ್ಬಿಸುತ್ತಾರೆ, ಇನ್ನೊಬ್ಬರು ಅದಕ್ಕೆ ಕಾರಣ ಕೊಡುತ್ತಾರೆ, ಮತ್ತೊಬ್ಬರು ಎದುರು ವಾದಿಸುತ್ತಾರೆ. ಬಿಲ್ಲಿಗ್ ಆಮೇಲೆ ಹೋದದ್ದು ಅಲ್ಲಿಗೇ. ಬ್ರಿಟನ್ನಿನ ನ್ಯಾಷನಲ್ ಫ್ರಂಟ್ ಎಂಬ ತೀವ್ರ ಬಲಪಂಥೀಯ ಪಕ್ಷದ ಬರಹಗಳನ್ನು ಓದಿ, ಸದಸ್ಯರನ್ನು ಮಾತಾಡಿಸಿ, 1978ರಲ್ಲಿ ಪುಸ್ತಕ ತಂದರು. 1985ರಲ್ಲಿ ಲಫ್‌ಬರೋ ವಿಶ್ವವಿದ್ಯಾಲಯಕ್ಕೆ ಪ್ರೊಫೆಸರ್ ಆಗಿ ಬಂದರು. ಡಿಸ್ಕೋರ್ಸ್ ಅನಾಲಿಸಿಸ್ ಮಾಡುತ್ತಿದ್ದ ಜೊನಾಥನ್ ಪಾಟರ್, ಡೆರೆಕ್ ಎಡ್ವರ್ಡ್ಸ್ ಅವರೂ ಆ ವರ್ಷಗಳಲ್ಲಿ ಅಲ್ಲಿ ಕೆಲಸ ಮಾಡಿದರು. ಮಾತಿನ ಅಧ್ಯಯನ ಮಾಡುವವರಿಗೆ ಅದು ತವರಿನಂತಾಯಿತು.

1987ರ ಪುಸ್ತಕದಲ್ಲಿ ಬಿಲ್ಲಿಗ್ ಹಳೆಯ ಗ್ರೀಕ್ ವಾದಕಲೆಯನ್ನು ಮನೋವಿಜ್ಞಾನಕ್ಕೆ ತಂದರು. ಯೋಚನೆ ಅಂದರೆ ನಮ್ಮೊಳಗೇ ನಡೆಯುವ ವಾದ-ಪ್ರತಿವಾದ ಅಂದರು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ.

ಈ ವಾಕ್ಯ ನೋಡಿ: "ನನಗೆ ಯಾರ ಮೇಲೂ ಪೂರ್ವಗ್ರಹ ಇಲ್ಲ, ಆದರೆ ವಲಸೆ ಬಂದವರು ತೀರಾ ಹೆಚ್ಚಾದರು." ಮೊದಲರ್ಧ ಸುಳ್ಳು, ಮನಸ್ಸಿನಲ್ಲಿರುವುದು ಎರಡನೆಯದು ಅಂದುಬಿಟ್ಟರೆ ಅರ್ಧ ವಿಷಯ ಕೈತಪ್ಪುತ್ತದೆ. ಯಾರೂ ಆರೋಪ ಮಾಡಿಲ್ಲ, ಆಗಲೇ ಉತ್ತರ ಬಂತು. ಅಂದರೆ ಪೂರ್ವಗ್ರಹ ಕೆಟ್ಟದ್ದು ಅನ್ನುವುದು ಆಡಿದವರಿಗೂ ಗೊತ್ತು. ಸಮಾಜದ ಎರಡೂ ಪಕ್ಷ ಒಂದೇ ಬಾಯಲ್ಲಿ ಜಗಳ ಆಡುತ್ತಿವೆ. "ಒಪ್ಪುತ್ತೇನೆ, ಒಪ್ಪುವುದಿಲ್ಲ" ಅಂತ ಟಿಕ್ ಹಾಕಿಸುವ ಫಾರಂನಲ್ಲಿ ಇದು ಕಾಣುವುದೇ ಇಲ್ಲ. ಮನಸ್ಸು ಎಲ್ಲೋ ಒಳಗೆ ಅಡಗಿದೆ, ಮಾತು ಅದರ ಹೊರಗಿನ ಹೊದಿಕೆ ಅಂತ ನಾವು ಅಂದುಕೊಂಡಿರುತ್ತೇವೆ. ಆದರೆ ಯೋಚನೆಯ ಕೆಲಸ ಬಹುಪಾಲು ಮಾತಿನಲ್ಲೇ ನಡೆಯುತ್ತದೆ.

1995ರಲ್ಲಿ ಬಂದ ಬಿಲ್ಲಿಗ್ ಅವರ ರಾಷ್ಟ್ರೀಯತೆಯ ಪುಸ್ತಕವೂ ಇದೇ ದಾರಿಯದು. ಬ್ರಿಟಿಷ್ ಪತ್ರಿಕೆಗಳನ್ನು ತೆಗೆದು, ಹವಾಮಾನ ವರದಿ, ಕ್ರೀಡಾಪುಟಗಳು "ನಾವು" ಅನ್ನುವುದನ್ನು ಸದ್ದಿಲ್ಲದೆ ಹೇಗೆ ನೆನಪಿಸುತ್ತವೆ ಅಂತ ತೋರಿಸಿದರು. ದೇಶಾಭಿಮಾನ ಅಂದರೆ ಘೋಷಣೆ, ಯುದ್ಧ ಅಂತಷ್ಟೇ ನೋಡುತ್ತಿದ್ದವರ ಗಮನ ದಿನನಿತ್ಯದ ಸಣ್ಣ ಮಾತುಗಳ ಕಡೆ ಹೊರಳಿತು.

ಈ ವಿಧಾನಕ್ಕೆ ಮಿತಿ ಇಲ್ಲ ಅಂತಲ್ಲ. ಎಷ್ಟು ಜನ ಹೀಗೆ ಯೋಚಿಸುತ್ತಾರೆ ಅನ್ನುವುದಕ್ಕೆ ಸಮೀಕ್ಷೆಯೇ ಬೇಕು. ಯಾವುದು ಯಾವುದಕ್ಕೆ ಕಾರಣ ಅಂತ ಗಟ್ಟಿಯಾಗಿ ಹೇಳಲು ಪ್ರಯೋಗವೇ ಬೇಕು. ನಿಮ್ಮ ಪ್ರಾಜೆಕ್ಟ್‌ನ ಪ್ರಶ್ನೆ ಆ ಥರದ್ದಾಗಿದ್ದರೆ ರೆಕಾರ್ಡರ್ ಪಕ್ಕಕ್ಕಿಡಿ. ಜನ ತಮ್ಮ ನಿಲುವನ್ನು ಹೇಗೆ ಸಮರ್ಥಿಸಿಕೊಳ್ಳುತ್ತಾರೆ ಅನ್ನುವುದು ನಿಮ್ಮ ಪ್ರಶ್ನೆಯಾದರೆ ಒಂದೇ ಒಂದು ಸಂಭಾಷಣೆ ತೆಗೆದುಕೊಂಡು, ತಡವರಿಕೆಯನ್ನೂ ಬಿಡದೆ ಬರೆದಿಟ್ಟುಕೊಂಡು, ನಾಲ್ಕಾರು ಸಲ ಓದಿ.