ಬೋಡಿ ಉಳಿಯಿತು, ಔರೋರಾ ಹೋಯಿತು: ಮೋನೊ ಕೌಂಟಿಯ ಹಾಳೂರುಗಳ ಹಿನ್ನೆಲೆ

ಕ್ಯಾಲಿಫೋರ್ನಿಯಾದ ಪೂರ್ವದ ಅಂಚಿನಲ್ಲಿ, ಸಿಯೆರಾ ನೆವಾಡಾ ಬೆಟ್ಟಸಾಲಿನ ಆಚೆ ಬದಿಗೆ ಮೋನೊ ಕೌಂಟಿ ಇದೆ. ಕೌಂಟಿ ಅಂದರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ. ವಿಸ್ತೀರ್ಣ 8,000 ಚದರ ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ, ಜನ ಮಾತ್ರ 13 ಸಾವಿರದಷ್ಟು. ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಮಂದಿ ಮ್ಯಾಮತ್ ಲೇಕ್ಸ್ ಎಂಬ ಒಂದೇ ಪಟ್ಟಣದಲ್ಲಿದ್ದಾರೆ. 1880ರ ಸುಮಾರಿಗೆ ಈ ಕೌಂಟಿಯ ಬೋಡಿ ಎಂಬ ಊರೊಂದರಲ್ಲೇ ಏಳೆಂಟು ಸಾವಿರ ಜನ ಇದ್ದರು ಅನ್ನುವ ಅಂದಾಜಿದೆ. ಈಗ ಅದು ರಾಜ್ಯದ ಐತಿಹಾಸಿಕ ಪಾರ್ಕ್, ಅಲ್ಲಿ ನೂರಕ್ಕೂ ಹೆಚ್ಚು ಹಳೇ ಕಟ್ಟಡಗಳು ನಿಂತಿವೆ. ಪಾರ್ಕಿನ ಸಿಬ್ಬಂದಿ ಬಿಟ್ಟರೆ ಯಾರೂ ವಾಸವಿಲ್ಲ.

ಚಿನ್ನ ಮುಗಿದ ಮೇಲೆ ಊರು ಖಾಲಿಯಾಗುವುದು ಸಹಜವೇ. ಆದರೆ ಇದೇ ಸೀಮೆಯಲ್ಲಿ ಎಷ್ಟೋ ಗಣಿ ಊರುಗಳು ಹುಟ್ಟಿ ಅಳಿದವು. ಅವುಗಳಲ್ಲಿ ಬೋಡಿ ಒಂದೇ ಇಷ್ಟಾದರೂ ಉಳಿದದ್ದು ಹೇಗೆ?

1849ರ ಚಿನ್ನದ ಹುಚ್ಚು ಹತ್ತಿದ್ದು ಸಿಯೆರಾದ ಪಶ್ಚಿಮದ ಇಳಿಜಾರಿನಲ್ಲಿ. ಅಲ್ಲಿ ಸುಲಭದ ಚಿನ್ನ ತೀರಿದಾಗ ಜನ ಬೆಟ್ಟ ಹತ್ತಿ ಪೂರ್ವಕ್ಕೆ ಇಳಿದರು. 1857ರಲ್ಲಿ ಡಾಗ್‌ಟೌನ್ ಹುಟ್ಟಿತು, 1859ರಲ್ಲಿ ಮೋನೊವಿಲ್. ಎರಡರಲ್ಲೂ ಹೊಳೆಯ ಮರಳು ತೊಳೆದು ಚಿನ್ನ ಹುಡುಕುವ ಕೆಲಸ. ಎರಡೂ ಬಹಳ ದಿನ ಬಾಳಲಿಲ್ಲ. ಡಾಗ್‌ಟೌನಿನಲ್ಲಿ ಇವತ್ತು ನೋಡಲು ಸಿಗುವುದು ಒಂದಷ್ಟು ಕಲ್ಲುಗೋಡೆಗಳು, ಅಷ್ಟೇ.

1860ರಲ್ಲಿ ಔರೋರಾದಲ್ಲಿ ಬೆಳ್ಳಿ-ಚಿನ್ನದ ಅದಿರು ಸಿಕ್ಕಿತು. ಮರುವರ್ಷವೇ ಮೋನೊ ಕೌಂಟಿ ಹುಟ್ಟಿತು, ಔರೋರಾ ಅದರ ಕೇಂದ್ರವಾಯಿತು. ತಮಾಷೆ ಇರುವುದು ಮುಂದೆ. ಔರೋರಾ ಕ್ಯಾಲಿಫೋರ್ನಿಯಾದಲ್ಲಿದೆಯೋ ನೆವಾಡಾದಲ್ಲಿದೆಯೋ ಯಾರಿಗೂ ಗೊತ್ತಿರಲಿಲ್ಲ! ನೆವಾಡಾದವರು ಅದನ್ನೇ ತಮ್ಮ ಎಸ್ಮೆರಾಲ್ಡಾ ಕೌಂಟಿಗೂ ಕೇಂದ್ರ ಮಾಡಿಕೊಂಡರು. 1863ರಲ್ಲಿ ಊರಿನ ಜನ ಎರಡೂ ಕಡೆಯ ಚುನಾವಣೆಯಲ್ಲಿ ಮತ ಹಾಕಿದರು. ಅದೇ ವರ್ಷ ಸರ್ವೆ ಮುಗಿದಾಗ ಗೊತ್ತಾಯಿತು, ಊರು ಇರುವುದು ನೆವಾಡಾದ ನೆಲದಲ್ಲಿ. ಮೋನೊದ ಕೇಂದ್ರ ಬ್ರಿಜ್‌ಪೋರ್ಟಿಗೆ ಹೋಯಿತು. ಅಲ್ಲಿ 1880ರಲ್ಲಿ ಕಟ್ಟಿದ ಬಿಳಿ ಮರದ ಕೋರ್ಟು ಈಗಲೂ ಬಳಕೆಯಲ್ಲಿದೆ. ಗಣಿಯನ್ನು ನಂಬದೆ ಹುಲ್ಲುಗಾವಲನ್ನು ನಂಬಿದ ಊರು ಅದು, ಅದಕ್ಕೇ ಬದುಕಿಕೊಂಡಿತು ಅಂತ ನನಗನಿಸುತ್ತದೆ.

ಬೋಡಿಗೆ ಆ ಹೆಸರು ಬಂದದ್ದು 1859ರಲ್ಲಿ ಅಲ್ಲಿ ಚಿನ್ನ ಕಂಡ ಡಬ್ಲ್ಯು. ಎಸ್. ಬೋಡಿಯಿಂದ. ಆ ಚಳಿಗಾಲದಲ್ಲೇ ದಿನಸಿ ತರಲು ಹೋದವನು ಹಿಮಗಾಳಿಗೆ ಸಿಕ್ಕಿ ಸತ್ತ. ತನ್ನ ಹೆಸರಿನ ಊರನ್ನು ಅವನು ನೋಡಲೇ ಇಲ್ಲ. ಆಮೇಲೆ ಮೊದಲ ಕೆಲವು ವರ್ಷ ಔರೋರಾದ್ದೇ ಮೆರೆದಾಟ, ಹದಿನೈದು ವರ್ಷ ಬೋಡಿಯನ್ನು ಕೇಳುವವರಿಲ್ಲ. 1875ರಲ್ಲಿ ಒಂದು ಗಣಿ ಕುಸಿದು ಒಳಗಿನ ಸಮೃದ್ಧ ಅದಿರು ಹೊರಗೆ ಕಂಡಿತು. ಸ್ಟ್ಯಾಂಡರ್ಡ್ ಕಂಪನಿ ಅದನ್ನು ಕೊಂಡುಕೊಂಡಿತು. 1877ರಿಂದ ಜನ ನುಗ್ಗಿದರು. ಐದೇ ವರ್ಷದಲ್ಲಿ ಭರಾಟೆ ಏರಿ ಇಳಿದೂ ಆಯಿತು.

ಈ ಊರು ಸಮುದ್ರಮಟ್ಟದಿಂದ 8,379 ಅಡಿ ಎತ್ತರದಲ್ಲಿದೆ. ಸುತ್ತ ಬೋಳು ಗುಡ್ಡ. ಚಳಿಗೆ ಬೆಂಕಿ ಬೇಕು, ಹಬೆ ಯಂತ್ರಕ್ಕೆ ಸೌದೆ ಬೇಕು, ಸುರಂಗಕ್ಕೆ ತೊಲೆ ಬೇಕು, ಮನೆಗೆ ಹಲಗೆ ಬೇಕು. ಹತ್ತಿರದ ಪಿನ್ಯನ್ ಮರಗಳಿಗೆ ಕೊಡಲಿ ಬಿತ್ತು. ಆ ಪೈನ್ ಮರದ ಬೀಜ ಅಲ್ಲಿನ ಮೂಲನಿವಾಸಿ ಪೈಯೂಟ್ ಜನರಿಗೆ ಚಳಿಗಾಲದ ಆಹಾರ. ಗಣಿಯವರಿಗೆ ಅದು ಸುಮ್ನೆ ಸೌದೆ. ಚಿನ್ನದ ಕಥೆ ಹೇಳುವವರು ಈ ಮಾತನ್ನು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಅಲ್ವಾ?

ಹತ್ತಿರದ ಮರ ಸಾಲದಾದಾಗ 1881ರಲ್ಲಿ ರೈಲು ಬಂತು. ಮೋನೊ ಸರೋವರದ ದಕ್ಷಿಣದ ಕಾಡಿನಿಂದ ಬೋಡಿಗೆ 32 ಮೈಲಿ ಕಿರಿದಾದ ಹಳಿ. ಬೇರೆ ಯಾವ ರೈಲುಮಾರ್ಗಕ್ಕೂ ಅದು ಸೇರಲೇ ಇಲ್ಲ. ಅದರ ಕೆಲಸವೆಲ್ಲ ಮರ ಹೊರುವುದು. ಆದರೂ ಖರ್ಚು ಇಳಿಯಲಿಲ್ಲ. ಕೊನೆಗೆ ಸ್ಟ್ಯಾಂಡರ್ಡ್ ಕಂಪನಿ 1892-93ರಲ್ಲಿ ಗ್ರೀನ್ ಕ್ರೀಕ್ ತೊರೆಯಲ್ಲಿ ವಿದ್ಯುತ್ ತಯಾರಿಸಿ, 13 ಮೈಲಿ ತಂತಿ ಎಳೆದು, ಅದಿರು ಕುಟ್ಟುವ ಮಿಲ್ಲಿಗೆ ತಂದಿತು. ಅಷ್ಟು ದೂರಕ್ಕೆ ಕರೆಂಟ್ ಸಾಗಿಸುವುದು ಆಗಿನ ಕಾಲಕ್ಕೆ ದೊಡ್ಡ ಸಾಹಸ. ನಮಗೆ ಈ ಕಥೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ತಂತಿ ಎಳೆದದ್ದೂ ಗಣಿಯ ಯಂತ್ರ ಓಡಿಸಲಿಕ್ಕೇ. ಚಿನ್ನ ಇದ್ದ ಕಡೆ ಕರೆಂಟು ಬೇಗ ಬಂತು.

1890ರ ದಶಕದಲ್ಲಿ ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗಿಸಿ ತೆಗೆಯುವ ವಿಧಾನ ಬಂದು, ಹಿಂದೆ ಎಸೆದ ಅದಿರಿನ ಪುಡಿಯಿಂದಲೇ ಮತ್ತೆ ಚಿನ್ನ ತೆಗೆದರು. ಅದು ಬೋಡಿಯ ಉಸಿರನ್ನು ಇನ್ನಷ್ಟು ಎಳೆಯಿತು. 1913ರಲ್ಲಿ ಸ್ಟ್ಯಾಂಡರ್ಡ್ ಗಣಿ ನಿಂತಿತು. 1917ರಲ್ಲಿ ರೈಲು ನಿಂತು, ಹಳಿ ಗುಜರಿಗೆ ಹೋಯಿತು. 1932ರ ಬೆಂಕಿಯಲ್ಲಿ ಪೇಟೆಯ ದೊಡ್ಡ ಭಾಗ ಸುಟ್ಟಿತು. 1942ರಲ್ಲಿ ಯುದ್ಧದ ಕಾರಣ ಅಮೆರಿಕ ಸರ್ಕಾರ ಚಿನ್ನದ ಗಣಿಗಳನ್ನು ಮುಚ್ಚಿಸಿತು. ಅದೇ ವರ್ಷ ಅಂಚೆ ಕಚೇರಿಗೂ ಬೀಗ ಬಿತ್ತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಔರೋರಾದಲ್ಲಿ ಗಟ್ಟಿಮುಟ್ಟಾದ ಇಟ್ಟಿಗೆ ಕಟ್ಟಡಗಳಿದ್ದವು. ಅದೇ ಅದಕ್ಕೆ ಮುಳುವಾಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಹಳೇ ಇಟ್ಟಿಗೆಗೆ ಗಿರಾಕಿ ಸಿಕ್ಕರು, ಗೋಡೆಗಳನ್ನು ಬಿಚ್ಚಿ ಲಾರಿಗೆ ತುಂಬಿಕೊಂಡು ಹೋದರು. ಕೇಳುವವರು ಯಾರೂ ಇರಲಿಲ್ಲ. ಬೋಡಿಯ ಮನೆಗಳು ಬರೀ ಹಲಗೆಯವು, ಮಾರಿದರೆ ಹೆಚ್ಚೇನೂ ಹುಟ್ಟುತ್ತಿರಲಿಲ್ಲ. ಅದಕ್ಕಿಂತ ಮುಖ್ಯ ಸಂಗತಿ ಬೇರೆ. ಅಲ್ಲಿ ಜಾಗದ ಬಹುಪಾಲು ಜೇಮ್ಸ್ ಎಸ್. ಕೇನ್ ಎಂಬ ಬ್ಯಾಂಕರನ ಮನೆತನದ ಕೈಯಲ್ಲಿತ್ತು. ಕೊನೆಯವರು ಬಿಟ್ಟುಹೋದ ಮೇಲೂ ಕೇನ್ ಕುಟುಂಬ ಸಂಬಳ ಕೊಟ್ಟು ಕಾವಲುಗಾರರನ್ನು ಇಟ್ಟಿತು. 1962ರಲ್ಲಿ ಬೋಡಿ ರಾಜ್ಯದ ಐತಿಹಾಸಿಕ ಪಾರ್ಕ್ ಆಯಿತು. ಅಲ್ಲಿ ಮುರಿದುಬಿದ್ದದ್ದನ್ನು ಹೊಸದಾಗಿ ಕಟ್ಟುವುದಿಲ್ಲ, ನಿಂತದ್ದನ್ನು ಬೀಳಲೂ ಬಿಡುವುದಿಲ್ಲ. ಸೂರು ಸೋರದಂತೆ, ಗೋಡೆ ವಾಲದಂತೆ ನೋಡಿಕೊಳ್ಳುತ್ತಾರೆ. ಹಾಗೆ ನೋಡಿಕೊಂಡರೂ ಈಗ ಇರುವುದು ಹಳೇ ಊರಿನ ಶೇ. 5ರಷ್ಟು ಮಾತ್ರ.

ಕಾವಲು ಇದ್ದರೂ ಮೊಳೆ, ಗಾಜಿನ ಚೂರು ಜೇಬಿಗಿಳಿಸುವವರಿದ್ದಾರೆ. ಕದ್ದವರಿಗೆ ಶಾಪ ತಟ್ಟುತ್ತದೆ ಎಂಬ ಮಾತು ಹಬ್ಬಿದೆ. ಅದನ್ನು ಹುಟ್ಟಿಸಿದ್ದು ಪಾರ್ಕಿನವರೇ ಅಂತಲೂ ಹೇಳುತ್ತಾರೆ. ಕೆಲವರು ಹೆದರಿ, ಕ್ಷಮಿಸಿ ಎಂದು ಪತ್ರ ಬರೆದು ಕದ್ದದ್ದನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ.

ಇದಕ್ಕಿಂತ ದೊಡ್ಡ ಅಪಾಯ ಬಂದದ್ದು 1980ರ ದಶಕದ ಕೊನೆಗೆ. ಕೆನಡಾದ ಕಂಪನಿಯೊಂದು ಊರಿನ ಪಕ್ಕದ ಗುಡ್ಡದಲ್ಲಿ ಮತ್ತೆ ಚಿನ್ನ ತೆಗೆಯಲು ಹೊರಟಿತು. ಜನ ವಿರೋಧಿಸಿದರು. ಕಂಪನಿಯೂ ದಿವಾಳಿಯಾಯಿತು. 1994ರಲ್ಲಿ ಅಮೆರಿಕದ ಸಂಸತ್ತು ಬೋಡಿಯ ಸುತ್ತಲಿನ ಸರ್ಕಾರಿ ಜಮೀನಿನಲ್ಲಿ ಹೊಸ ಗಣಿಗೆ ಅವಕಾಶವಿಲ್ಲದಂತೆ ಕಾನೂನು ಮಾಡಿತು. ಆ ಗುಡ್ಡವನ್ನು ಮುಂದೆ ರಾಜ್ಯವೇ ಕೊಂಡು ಪಾರ್ಕಿಗೆ ಸೇರಿಸಿತು.