ಹೀರೋ ಗೆದ್ದ ಮೇಲೆ ಅದು ವಿಡಂಬನೆ ಹೇಗಾದೀತು?

ಪ್ರಶ್ನೆ: 1997ರ ‘ಸ್ಟಾರ್‌ಶಿಪ್ ಟ್ರೂಪರ್ಸ್’ ನೋಡಿದೆ. ಸೈನಿಕರು ದೈತ್ಯ ಹುಳುಗಳನ್ನು ಕೊಲ್ಲುತ್ತಾರೆ, ಅಷ್ಟೇ. ಇದರಲ್ಲಿ ವಿಡಂಬನೆ ಎಲ್ಲಿದೆ?

ಉತ್ತರ: ಪ್ರಶ್ನೆ ಹಳೆಯದು, ಉತ್ತರವೂ ಹಳೆಯದೇ. ಮೊದಲ ನಿಮಿಷದಿಂದಲೇ ಇದೆ. ನಿರ್ದೇಶಕ ಪಾಲ್ ವರ್ಹೋವನ್ ಚಿಕ್ಕವರಿದ್ದಾಗ ನೆದರ್‌ಲೆಂಡ್ಸ್ ನಾಜಿಗಳ ಹಿಡಿತದಲ್ಲಿತ್ತು. ಚಿತ್ರದ ಆರಂಭದ ಸೇನಾಭರ್ತಿ ಜಾಹೀರಾತನ್ನು ಅವರು 1935ರ ನಾಜಿ ಪ್ರಚಾರಚಿತ್ರವೊಂದರ ಮಾದರಿಯಲ್ಲೇ ತೆಗೆದರು. ಕೊನೆಗೆ ಹೀರೋನ ಗೆಳೆಯ ಕಾರ್ಲ್ ನಾಜಿ ಅಧಿಕಾರಿಯಂತೆ ಉದ್ದನೆಯ ಚರ್ಮದ ಕೋಟು ತೊಟ್ಟು ಬರುತ್ತಾನಲ್ಲ, ಅದನ್ನು ನೋಡಿಯೂ ಹೊಳೆಯದಿದ್ದರೆ ಇನ್ನೊಮ್ಮೆ ನೋಡಿ.

ಒಂದು ವಾದ ಮಾತ್ರ ಎಷ್ಟು ಸಲ ಹೇಳಿದರೂ ಸಾಯುವುದಿಲ್ಲ: ‘ಹೀರೋ ಚೆಲುವ, ಧೈರ್ಯಶಾಲಿ, ಕೊನೆಗೆ ಗೆಲ್ಲುತ್ತಾನೆ. ಅಂದಮೇಲೆ ಸಿನಿಮಾ ಅವನ ಪರವೇ.’ ಸ್ವಾಮಿ, ಈ ಕಥೆಯನ್ನು ನಮಗೆ ಹೇಳುತ್ತಿರುವುದು ಯಾರು? ಅದನ್ನು ಮೊದಲು ಹಿಡಿಯಿರಿ. ನಡುನಡುವೆ ಬರುವ ಸರ್ಕಾರಿ ವಾರ್ತೆಗಳನ್ನಷ್ಟೇ ಒಂದರ ಹಿಂದೊಂದು ಹಾಕಿಕೊಂಡು ನೋಡಿ. ಬೆಳಿಗ್ಗೆ ಸಿಕ್ಕಿಬಿದ್ದ ಕೊಲೆಗಾರನಿಗೆ ಅಂದೇ ವಿಚಾರಣೆ, ಸಂಜೆ ಆರಕ್ಕೆ ಮರಣದಂಡನೆ, ಅದೂ ಟಿವಿಯಲ್ಲಿ ನೇರಪ್ರಸಾರ. ಸೈನಿಕರು ಮಕ್ಕಳಿಗೆ ಮಿಠಾಯಿಯಂತೆ ಬಂದೂಕಿನ ಗುಂಡು ಹಂಚುತ್ತಾರೆ. ಮಕ್ಕಳು ಜಿರಳೆ ತುಳಿದು ಸಾಯಿಸುತ್ತಿದ್ದರೆ ಪಕ್ಕದಲ್ಲಿ ಹೆಂಗಸೊಬ್ಬಳು ಚಪ್ಪಾಳೆ ತಟ್ಟಿ ನಗುತ್ತಾಳೆ. ಹುಳುಗಳ ನೆಲೆಗೆ ಮನುಷ್ಯರೇ ಮೊದಲು ನುಗ್ಗಿದರಂತೆ ಎಂದು ವರದಿಗಾರ ಒಮ್ಮೆ ಕೇಳಿಯೂ ಕೇಳುತ್ತಾನೆ. ಹೀರೋ ರಿಕೊ ಕ್ಯಾಮೆರಾಗೆ ಅಡ್ಡ ಬಂದು, ಎಲ್ಲವನ್ನೂ ಕೊಂದುಹಾಕಿ ಅನ್ನುತ್ತಾನೆ. ಪ್ರಶ್ನೆ ಅಲ್ಲಿಗೇ ಮುಗಿಯಿತು.

ರಿಕೊನ ಊರು ಬ್ಯೂನಸ್ ಐರಿಸ್ ಮೇಲೆ ಬಿದ್ದ, ಹುಳುಗಳೇ ಎಸೆದವೆಂದು ಸರ್ಕಾರ ಹೇಳುವ ಕ್ಷುದ್ರಗ್ರಹದ ಲೆಕ್ಕವನ್ನೇ ತೆಗೆದುಕೊಳ್ಳಿ. ವಾರ್ತೆಯ ನಕ್ಷೆಯಲ್ಲೇ ಹುಳುಗಳ ಗ್ರಹ ಇರುವುದು ಗ್ಯಾಲಕ್ಸಿಯ ಆಚೆ ಬದಿಗೆ. ಅಲ್ಲಿಂದ ಇಲ್ಲಿಗೆ ಬರಲು ಬೆಳಕಿಗೇ ಹತ್ತಾರು ಸಾವಿರ ವರ್ಷ ಬೇಕು. ಸೆಕೆಂಡಿಗೆ 30 ಕಿ.ಮೀ. ಓಡುವ ಬಂಡೆಗೆ ಅದರ 10,000 ಪಟ್ಟು, ಅಂದರೆ ಹತ್ತಾರು ಕೋಟಿ ವರ್ಷ. ಚಿತ್ರಕಥೆಯ ಎಡವಟ್ಟು ಅನ್ನುತ್ತೀರಾ? ಅನ್ನಿ. ಆದರೆ ಆ ಲೋಕದಲ್ಲಿ ಸಾಕ್ಷಿ ಕೇಳುವವನು ಒಬ್ಬನೂ ಇಲ್ಲ, ಅದನ್ನು ಎಡವಟ್ಟು ಅನ್ನಲಾಗದು.

ಇನ್ನು ಆ ಗೆಲುವು. ಹುಳುಗಳ ಗ್ರಹದ ಮೇಲಿನ ಮೊದಲ ದಾಳಿಯಲ್ಲಿ ಒಂದೇ ಗಂಟೆಗೆ 1,00,000 ಜನ ಸತ್ತರು. ಸೇನಾಧಿಪತಿ ರಾಜೀನಾಮೆ ಕೊಟ್ಟ, ಹೊಸಬರು ಬಂದರು, ಯುದ್ಧ ನಿಲ್ಲಲಿಲ್ಲ. ಭರ್ತಿ ಕಚೇರಿಯಲ್ಲಿ ‘ಪದಾತಿದಳವೇ ನನ್ನನ್ನು ಮನುಷ್ಯನನ್ನಾಗಿ ಮಾಡಿದ್ದು’ ಎಂದು ಹೆಮ್ಮೆಪಡುವ ಅಧಿಕಾರಿಗೆ ಎರಡೂ ಕಾಲಿಲ್ಲ. ಶಾಲೆಯಲ್ಲಿ ರಿಕೊಗೆ ಪಾಠ ಹೇಳಿ, ಆಮೇಲೆ ಅವನ ದಳಪತಿಯೂ ಆಗಿ ಸತ್ತ ಮೇಷ್ಟ್ರ ದಳ ಈಗ ರಿಕೊನ ಹೆಸರಿನಲ್ಲಿದೆ. ಅವರು ಸೈನಿಕರಿಗೆ ಒದರುತ್ತಿದ್ದ ಮಾತನ್ನೇ ಇವನೂ ಒದರುತ್ತಾನೆ. ಚಿತ್ರ ಮುಗಿಯುವುದು ಇನ್ನೊಂದು ಭರ್ತಿ ಜಾಹೀರಾತಿನೊಂದಿಗೆ, ಅದರಲ್ಲಿ ಇವನೇ ಮಾಡೆಲ್ಲು.

ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ: ಹಾಗಾದರೆ ಈ ಸಿನಿಮಾಕ್ಕೆ ಆಧಾರವಾದ ಪುಸ್ತಕವೂ ವಿಡಂಬನೆಯೇ? ಅಲ್ಲ. 1959ರಲ್ಲಿ ರಾಬರ್ಟ್ ಹೈನ್‌ಲೈನ್ ಕಾದಂಬರಿಯನ್ನು ಗಂಭೀರವಾಗಿಯೇ ಬರೆದರು, ಮರುವರ್ಷ ಅದಕ್ಕೆ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ವರ್ಹೋವನ್ ಎರಡು ಅಧ್ಯಾಯ ಓದಿ ಕೆಳಗಿಟ್ಟರಂತೆ, ಅವರೇ ಹೇಳಿಕೊಂಡ ಮಾತು. ಪುಸ್ತಕದ ಅಭಿಮಾನಿಗಳ ಸಿಟ್ಟಿನಲ್ಲಿ ಅರ್ಥವಿಲ್ಲದಿಲ್ಲ. ಸಿನಿಮಾ ನೋಡಿ ಪುಸ್ತಕವನ್ನು ಅಳೆಯುವುದೂ ತಪ್ಪೇ. ಕಾದಂಬರಿಯ ಸೈನಿಕ ಯಂತ್ರಕವಚ ತೊಟ್ಟು ಕಟ್ಟಡಗಳನ್ನು ಹಾರಿ ದಾಟುತ್ತಾನೆ. ಸಿನಿಮಾದವನಿಗೆ ಸಿಕ್ಕಿದ್ದು ಒಂದು ಹೆಲ್ಮೆಟ್ಟು, ಎದೆಗೊಂದು ಕವಚ. ಹುಳುವಿನ ಕಾಲು ಅದನ್ನು ಸೀಳಿಕೊಂಡೇ ಒಳಗೆ ಹೋಗುತ್ತದೆ.